ಚೀಲ ಕಾಯುವವರು

ಕಿಟಕಿಯ ಆಚೆ, ಬಸ್ ನಿಲ್ದಾಣದ ಎದುರಿನ ಎರಡು ಕರೆಂಟ್ ಕಂಬಗಳ ನಡುವೆ, ಕಲ್ಲೇಶ ನಗುತ್ತಿದ್ದ. ಕಿಟಕಿಯ ಈಚೆ ಮೈಕಿನ ಮುಂದೆ ಕೂತ ಕಲ್ಲೇಶನಿಗೆ ನಗು ಬರುತ್ತಿರಲಿಲ್ಲ. ಆಚೆಯವನ ತಲೆಯಲ್ಲಿ ಒಂದೂ ಬಿಳಿಗೂದಲಿರಲಿಲ್ಲ, ಕೆನ್ನೆ ಈಗಷ್ಟೇ ತೊಳೆದ ಗಜ್ಜರಿಯ ಬಣ್ಣಕ್ಕಿತ್ತು. ಫ್ಲೆಕ್ಸ್ ಅಂಗಡಿಯ ಮಾಜೀದ ಊರಿನ ಎಲ್ಲರ ಮುಖಕ್ಕೂ ಹಚ್ಚುವ ಹೊಳಪನ್ನು ಗೆಳೆಯನೆಂಬ ಕಾರಣಕ್ಕೆ ಇವನಿಗೆ ಇಮ್ಮಡಿ ಹಚ್ಚಿದ್ದ. ಪಕ್ಕದಲ್ಲಿ ಅವನಷ್ಟೇ ಎತ್ತರಕ್ಕೆ ಹೆಂಡತಿ ಮಲ್ಲೇಶ್ವರಿ, ಹಸಿರು ಇಳಕಲ್ ಸೀರೆಯಲ್ಲಿ. ಇಬ್ಬರ ಬೆನ್ನ ಹಿಂದೆ ಕೆಂಪು ಬಂಡೆಯಲ್ಲೇ ಕೊರೆದ ಕಂಬಗಳ ದೊಡ್ಡ ಬಾಗಿಲು, ಅದರ ನೆತ್ತಿಯ ಮೇಲೆ ವಿಮಾನ, ಕೆಳಗೆ ಯಾರದೋ ಮದುವೆಯ ಫ್ಲೆಕ್ಸಿನಿಂದ ಅಳಿಸಲು ಮರೆತ ಎರಡು ಹಂಸಗಳು. 'ಮೂರು ವಾರಗಳ ಕಾಲ ಜೋರ್ಡಾನ್ ದೇಶದ ಚಾರಣ, ಪ್ರಾಚೀನ ಅವಶೇಷ ಹಾಗೂ ಪ್ರೇಕ್ಷಣೀಯ ಸ್ಥಳಗಳ ವೀಕ್ಷಣೆಗೆ ತೆರಳುತ್ತಿರುವ ಯಲಬುರ್ಗಾದ ಹೆಮ್ಮೆಯ ದಂಪತಿಗಳಿಗೆ ಹಾರ್ದಿಕ ಅಭಿನಂದನೆಗಳು.' ಅದರಡಿ ಶುಭ ಕೋರುವವರ ದುಂಡು ಮುಖಗಳ ಸಾಲು. ಆ ಸಾಲಿನಲ್ಲಿ ಹೋದ ವರ್ಷ ತೀರಿಕೊಂಡ ಒಬ್ಬನೂ ಇದ್ದ. ಅವನೂ ಶುಭ ಕೋರುತ್ತಿದ್ದ.

ದಂಪತಿಗಳು. ಆ ಪದದ ಹತ್ತಿರ ಬಂದಾಗಲೆಲ್ಲ ಕಲ್ಲೇಶನ ಕಣ್ಣು ಎಡವಿದ ಕಾಲಿನಂತೆ ನಿಂತುಬಿಡುತ್ತಿತ್ತು. ಎರಡು ವರ್ಷದಿಂದ, ಒಂದು ಬಸ್ಸಿಗೂ ಇನ್ನೊಂದು ಬಸ್ಸಿಗೂ ನಡುವಿನ ಬಿಡುವಿನಲ್ಲಿ, ಮೊಬೈಲಿನ ನಕ್ಷೆಯ ಮೇಲೆ ಬೆರಳಾಡಿಸುತ್ತ ಅವನು ಕಟ್ಟಿಕೊಂಡ ಪ್ರವಾಸದಲ್ಲಿ ಹೋಗುವವನು ಅವನೊಬ್ಬನೇ ಆಗಿದ್ದ. ಅಮ್ಮಾನಿನ ಒಂದು ಓಣಿಯ ಮೂರನೆಯ ಮಹಡಿಯ ಕೋಣೆ, ಜೆರಾಶ್ ಎಂಬ ಹಾಳೂರಿನ ಉದ್ದನೆಯ ಕಂಬಗಳ ಬೀದಿ, ದಾನಾ ಎಂಬ ಹಳ್ಳಿಯಿಂದ ಕಣಿವೆ ಇಳಿದು ಗುಡ್ಡ ಹತ್ತಿ ದಿನಗಟ್ಟಲೆ ನಡೆದು ಪೆಟ್ರಾ ಎಂಬ ಕಲ್ಲಿನ ಪಟ್ಟಣವನ್ನು ಹಿಂಬದಿಯಿಂದ ಒಳಹೊಗುವ ದಾರಿ, ಕೊನೆಗೆ ಕೆಂಪು ಮರಳಿನಲ್ಲಿ ಎರಡು ರಾತ್ರಿ, ಯಾರೂ ಮುಳುಗದ ಸಮುದ್ರದಲ್ಲಿ ಒಂದು ಮಧ್ಯಾಹ್ನ. ಕೋಣೆ ಕಾಯ್ದಿರಿಸುವಾಗ ಪ್ರತಿ ಸಲವೂ ಪರದೆ ಕೇಳುತ್ತಿತ್ತು, ಎಷ್ಟು ಜನ? ಅಲ್ಲಿ ಮೊದಲೇ ಒಂದು ಎಂದಿರುತ್ತಿತ್ತು, ಪಕ್ಕದಲ್ಲಿ ಸಣ್ಣ ಕೂಡಿಸುವ ಗುರುತು. ಅವನು ಆ ಗುರುತನ್ನು ಮುಟ್ಟದೆ ಮುಂದೆ ಹೋಗುತ್ತಿದ್ದ. ಮಲ್ಲೇಶ್ವರಿ ಬೇಡವೆಂದಲ್ಲ. ಅವಳ ಪ್ರಶ್ನೆಯೇ ಎದ್ದಿರಲಿಲ್ಲ, ಈಗ ಚುಚ್ಚುತ್ತಿದ್ದದ್ದು ಅದೇ. ಇಪ್ಪತ್ತು ವರ್ಷ ಮೈಕಿನಲ್ಲಿ ಊರುಗಳ ಹೆಸರು ಕೂಗಿದವನಿಗೆ ಮೂರು ವಾರ ಮಾತಿಲ್ಲದೆ ನಡೆಯಬೇಕೆನಿಸಿತ್ತು, ಅಷ್ಟೇ. ಈ 'ಅಷ್ಟೇ'ಯನ್ನು ಹೆಂಡತಿಗೆ ಹೇಗೆ ಹೇಳುವುದೆಂದು ನಿನ್ನೆ ಸಂಜೆಯಿಂದ ಅವನು ಬಾಯೊಳಗೇ ತಿರುಗಿಸುತ್ತಿದ್ದ.

"ಕುಷ್ಟಗಿಗೆ ತೆರಳುತ್ತಿರುವ ಹೆಮ್ಮೆಯ ಪ್ರಯಾಣಿಕರು," ಎಂದು ಮೈಕಿನಲ್ಲಿ ತನ್ನ ದನಿಯೇ ಕೇಳಿದಾಗ ಅವನು ಬೆಚ್ಚಿಬಿದ್ದ. ಹೊರಗೆ ಬೆಂಚಿನ ಮೇಲಿದ್ದ ಹೆಮ್ಮೆಯ ಪ್ರಯಾಣಿಕರು ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕರು. ಅವನು ಕೆಮ್ಮಿ, ಬಸ್ಸು ಎರಡನೆಯ ಅಂಕಣಕ್ಕೆ ಬರುವುದೆಂದು ಹೇಳಿ ಮೈಕು ಆರಿಸಿ, ಮೇಜಿನ ಕೆಳಗೆ ಕಾಲು ಎಳೆದುಕೊಂಡ. ಅಲ್ಲಿ, ಯಾರಿಗೂ ಕಾಣದ ಕಡೆ, ಅವನ ಪಾದಗಳು ಗುಡ್ಡ ಹತ್ತುವ ದಪ್ಪ ಬೂಟುಗಳಲ್ಲಿದ್ದವು. ಹೊಸ ಬೂಟು ಹಾಕಿ ಒಮ್ಮೆಲೇ ನಡೆದರೆ ಬೊಕ್ಕೆ ಏಳುತ್ತದೆ, ಮೊದಲು ದಿನಾ ಕಾಲಿಗೆ ರೂಢಿ ಮಾಡಿಸಬೇಕು ಎಂದು ಎಲ್ಲೋ ಓದಿದ್ದ; ಮನೆಯಲ್ಲಿ ಹಾಕಿದರೆ ಪ್ರಶ್ನೆ ಏಳುತ್ತದೆಂದು ಆಫೀಸಿನ ಕಪಾಟಿನಲ್ಲಿಟ್ಟು, ಬಂದೊಡನೆ ಚಪ್ಪಲಿ ಬಿಚ್ಚಿ ಬೂಟು ಏರಿಸಿ ಕೂರುತ್ತಿದ್ದ. ಹೀಗೆ ಎರಡು ತಿಂಗಳಿಂದ ಸೊಂಟದ ಮೇಲೆ ಯಲಬುರ್ಗಾ ಬಸ್ ನಿಲ್ದಾಣದ ಕಂಟ್ರೋಲರನೂ ಸೊಂಟದ ಕೆಳಗೆ ಜೋರ್ಡಾನಿನ ದಾರಿಹೋಕನೂ ಆಗಿ ಅವನು ಪಾಳಿ ಮುಗಿಸುತ್ತಿದ್ದ. ಕೂತಲ್ಲೇ ಮೆತ್ತಗಾದ ಬೂಟುಗಳವು. ಒಂದು ಹೆಜ್ಜೆಯ ಧೂಳೂ ಅವಕ್ಕೆ ತಾಗಿರಲಿಲ್ಲ.

ನಿಲ್ದಾಣದ ಕಟ್ಟೆಯ ಮೇಲೆ ಶೇಂಗಾ ಮಾರುವ ಹುಲಿಗವ್ವ ಬುಟ್ಟಿ ಬಿಟ್ಟು ಎದ್ದು ಬಂದು ಕಿಟಕಿಯ ಸರಳು ಹಿಡಿದಳು.

"ಯಪ್ಪಾ ಕಂಟ್ರೋಲರಾ, ಫ್ಲೆಕ್ಸಿನ್ಯಾಗ ನಿಮ್ಮ ಬೆನ್ನ ಹಿಂದ ಐತಲ್ಲ, ಅದು ಯಾವ ದೇವರ ಗುಡಿ?"

"ಗುಡಿ ಅಲ್ಲಬೇ. ಯಾರೋ ರಾಜನ ಸಮಾಧಿ ಅಂತಾರ."

"ಸಮಾಧಿ ನೋಡಾಕ ವಿಮಾನದಾಗ ಹೊಂಟೀರಿ?"

ಕುಷ್ಟಗಿ ಬಸ್ಸಿನ ಚಾಲಕ ಕನಕಪ್ಪ ಸಹಿ ಹಾಕಿಸಿಕೊಳ್ಳಲು ಒಳಗೆ ಬಂದವನು ನಡುವೆ ಬಾಯಿ ಹಾಕಿದ. "ಸಮುದ್ರಾನೂ ಐತಂತಬೇ. ಅದರಾಗ ಬಿದ್ರ ಯಾರೂ ಮುಳುಗೂದಿಲ್ಲಂತ. ಹಿಂಗ ತೇಲ್ಕೋತ ಪೇಪರ್ ಓದಬೌದಂತ."

"ಮುಳುಗಾಕ ಬರದಿದ್ರ ಪುಣ್ಯಾ ಎಲ್ಲಿಂದ ಬರಬೇಕೋ?" ಎಂದಳು ಹುಲಿಗವ್ವ. ಸ್ವಲ್ಪ ಹೊತ್ತು ಫ್ಲೆಕ್ಸನ್ನೇ ನೋಡಿ, "ಇರ್ಲಿ ಬಿಡು. ಗಂಡಾ ಹೆಂಡ್ತಿ ಜೋಡಿಲೆ ಹೊಂಟೀರಲ್ಲ, ಅದೇ ಪುಣ್ಯಾ. ನಮ್ಮಾಂವ ಇದ್ದಾಗ ಹುಲಿಗಿ ಜಾತ್ರಿಗೆ ಹೋದ್ರೂ ಮುಂದ್ ಮುಂದ್ ಓಡಾಂವ, ನಾ ಹಿಂದಿನಿಂದ ಅವನ ತಲಿ ಮ್ಯಾಲಿನ ಪಟಗಾ ನೋಡ್ಕೋತ ಹೋಗಾಕಿ," ಎಂದು ಎರಡು ಕಾಗದದ ಪೊಟ್ಟಣ ಮಾಡಿ ಶೇಂಗಾ ತುಂಬಿ ಸರಳಿನ ಸಂದಿಯಿಂದ ಒಳಗೆ ತೂರಿಸಿದಳು. "ಒಂದು ನಿನಗ, ಒಂದು ನಿನ್ನ ಹೆಂಡ್ತಿಗೆ."

"ಸಾಹೇಬ್ರ, ಕೈಯಾಗಿಂದು ಆಮ್ಯಾಲ ತಿನ್ರಿ, ಮೊದಲ ಸಹಿ ಮಾಡ್ರಿ," ಎಂದ ಕನಕಪ್ಪ. ಕೆಳಗೆ ಬಿದ್ದ ಪೆನ್ನನ್ನು ಬಗ್ಗಿ ಎತ್ತಿಕೊಳ್ಳುವಾಗ ಅವನ ಕಣ್ಣು ಮೇಜಿನ ಕೆಳಗೆ ಒಂದು ಕ್ಷಣ ನಿಂತಿತು. ಎದ್ದು ಹೊರಗೆ ಹೋಗಿ ಬಸ್ಸು ಚಾಲೂ ಮಾಡಿದ. ಬಸ್ಸು ಕಿಟಕಿಯ ಮುಂದೆ ಹಾದುಹೋಗುವಾಗ ತಲೆ ಹೊರಗೆ ಹಾಕಿ, "ಬೂಟು ಛಲೋ ಅದಾವ್ರಿ," ಎಂದು ಕೂಗಿದ.

ತನ್ನ ಪೊಟ್ಟಣ ಮುಗಿಸಿದ ಮೇಲೆ ಕಲ್ಲೇಶನ ಕೈ ತಾನಾಗಿ ಇನ್ನೊಂದಕ್ಕೆ ಹೋಯಿತು. ಎರಡು ಕಾಳು ಬಾಯಿಗೆ ಹಾಕಿಕೊಂಡ ನಂತರವೇ ಅದು ಯಾರದೆಂದು ನೆನಪಾದದ್ದು. ಪೊಟ್ಟಣದ ಬಾಯಿ ತಿರುವಿ ಅಂಗಿಯ ಕಿಸೆಗೆ ಹಾಕಿಕೊಂಡ. ಅಲ್ಲಿ ಅದು ಎದೆಗೆ ಒತ್ತುತ್ತ ಬೆಚ್ಚಗೆ ಕೂತಿತು. ನಿನ್ನೆ ಸಂಜೆ ಮಲ್ಲೇಶ್ವರಿ ಮನೆಗೆ ಬಂದದ್ದೂ ಹೀಗೇ, ಬೆಚ್ಚಗೆ, ಮೈಯೆಲ್ಲ ಹಿಟ್ಟಿನ ಧೂಳಾಗಿ. ಹಳೇ ಪೇಟೆಯ ಮೂಲೆಯಲ್ಲಿ ಅವಳದೊಂದು ರೊಟ್ಟಿ ಅಂಗಡಿ. ಅವಳ ಕಡಕ್ ರೊಟ್ಟಿ ಕೊಪ್ಪಳ, ಗಂಗಾವತಿಯ ಖಾನಾವಳಿಗಳಿಗೆ ಬಸ್ಸಿನ ಮೇಲೆ ಹೋಗುತ್ತದೆ. ಬಂದವಳು ಬಾಗಿಲಲ್ಲೇ ನಿಂತು, "ನನಗ ಒಂದ್ ಮಾತೂ ಹೇಳ್ದಂಗ ಇಷ್ಟ ದೊಡ್ಡ ಕೆಲಸ ಮಾಡೀರಿ?" ಎಂದಳು. ಏನು ಎಂದು ಅವನಿಗೆ ತಿಳಿಯಲಿಲ್ಲ. "ಬಸ್ ಸ್ಟ್ಯಾಂಡಿನ ಮುಂದ ನಾನೂ ನೀವೂ ತೂಗಾಡಾಕತ್ತೀವಿ, ಹೋಗಿ ನೋಡಿ ಬರ್ರಿ," ಎಂದಳು. ಓಡಿ ಹೋಗಿ ನೋಡಿ ಮರಳಿ ಬಂದಾಗ ಅವಳು ತಟ್ಟೆಯ ಮುಂದೆ ಕೂತಿದ್ದಳು. ಧಾರವಾಡದ ಹಾಸ್ಟೆಲಿನಲ್ಲಿ ಓದುವ ಮಗಳು ಅಮೃತಾ ಆಗಲೇ ಆ ಚಿತ್ರ ತನ್ನ ಸ್ಟೇಟಸ್ಸಿಗೆ ಹಾಕಿದ್ದಳಂತೆ. ಹೇಳಿಬಿಡಬೇಕು, ಈಗಲೇ, ಈ ತುತ್ತು ನುಂಗಿದ ಮೇಲೆ, ಎಂದುಕೊಳ್ಳುವಷ್ಟರಲ್ಲಿ ಅವಳು ಕಾಲು ಮುಂದೆ ಚಾಚಿ ಪಾದ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. "ಸೀರಿ ಉಟ್ಕೊಂಡು ಗುಡ್ಡಾ ಹತ್ತಾಕ ಬರತೈತೇನ್ರಿ? ಇಲ್ಲಾ ಅಮೃತಾನ ಚೂಡಿದಾರ ಹಾಕ್ಕೊಳ್ಲಿ?"

"ಸೀರಿನೂ ನಡೀತೈತಿ," ಎಂದ. ಮೊದಲ ಸುಳ್ಳು ಇಷ್ಟು ಸಲೀಸಾಗಿ ಬಂದದ್ದು ಅವನಿಗೇ ಅಚ್ಚರಿ.

"ಅಲ್ಲಿ ರೂಮಿನ್ಯಾಗ ಮಂಚ ಎಷ್ಟ ದೊಡ್ಡದಿರತೈತಿ?"

"ಇರತೈತಿ... ಮಂಚದಷ್ಟ ಇರತೈತಿ."

ಅವಳು ತಲೆದೂಗಿ, ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಮಧ್ಯಾಹ್ನದ ಬಿಸಿಲು ನಿಲ್ದಾಣದ ಸಿಮೆಂಟಿನ ಮೇಲೆ ಬಿಳಿ ಬಟ್ಟೆಯಂತೆ ಹರಡಿತ್ತು. ಗಜೇಂದ್ರಗಡದ ಕಡೆಯಿಂದ ಬಂದ ಬಸ್ಸಿನಿಂದ ಒಬ್ಬ ಹೆಂಗಸು ಇಳಿದು, ಮೂರು ಚೀಲ ಬೆಂಚಿನ ಮೇಲಿಟ್ಟು, ಅವುಗಳ ಮೇಲೆ ಕೈ ಚಾಚಿ ಕೂತಳು; ಅವಳ ಗಂಡ ಸಿಗರೇಟು ಹುಡುಕುತ್ತ ಎಲ್ಲೋ ಹೋದ. ವರ್ಷಗಳ ಹಿಂದೆ ಬಾದಾಮಿಯ ಗುಹೆಗಳ ಕೆಳಗೆ ಮಲ್ಲೇಶ್ವರಿ ಕೂತದ್ದು ಹೀಗೇ. ಮಂಗಗಳು ಚೀಲ ಕಂಡರೆ ಬಿಡುವುದಿಲ್ಲ, ಯಾರಾದರೂ ಕೆಳಗೆ ಇರಬೇಕು ಎಂದು ಅವನೇ ಹೇಳಿದ್ದ. ಯಾರಾದರೂ ಎಂದರೆ ಯಾರೆಂದು ಇಬ್ಬರಿಗೂ ಗೊತ್ತಿತ್ತು. ತೊಡೆಯ ಮೇಲೆ ಎರಡು ವರ್ಷದ ಅಮೃತಾ, ಸುತ್ತ ಚೀಲ, ಕೈಯಲ್ಲಿ ಮಂಗನಿಗೆಂದು ಒಂದು ಕೋಲು. ಅವನು ಗುಹೆಗಳನ್ನೆಲ್ಲ ಹತ್ತಿ, ಕೆರೆಯ ನೀರು ಹಸಿರಾಗಿ ಮೇಲಿನಿಂದ ಕಾಣುವುದನ್ನು ನೋಡಿ, ಮರಳಿನ ಬಣ್ಣದ ಕಲ್ಲಿನಲ್ಲಿ ಯಾರೋ ಕೊರೆದ ಕೈಬೆರಳಿನ ಉಗುರನ್ನು ಸಹ ನೋಡಿ, ಎದೆ ತುಂಬಿ ಬಾಯಿ ಕಟ್ಟಿ ಇಳಿದು ಬಂದಿದ್ದ. "ಮ್ಯಾಲ ಏನಿತ್ರಿ?" ಎಂದು ಅವಳು ಕತ್ತೆತ್ತಿ ಕೇಳಿದಳು. "ಏನಿಲ್ಲ," ಎಂದಿದ್ದ ಅವನು, "ಬರೇ ಕಲ್ಲು." ನೋಡದವಳಿಗೆ ಕೆಡುಕೆನಿಸಬಾರದೆಂದು ಹೇಳಿದ ಮಾತೆಂದು ಇಷ್ಟು ವರ್ಷ ತಿಳಿದಿದ್ದ. ಪಟ್ಟದಕಲ್ಲಿನಲ್ಲೂ ಅದೇ ಮಾತು, ಶ್ರೀಶೈಲದ ಹಾದಿಯ ಒಂದು ಕೋಟೆಯ ಬುಡದಲ್ಲೂ ಅದೇ. ಈಗ, ಆ ಹೆಂಗಸಿನ ಚಾಚಿದ ಕೈ ನೋಡುತ್ತ, ಕೆಡುಕೆನಿಸದಿರಲೆಂದು ಹೇಳಿದ್ದಲ್ಲ, ಹಂಚಿಕೊಳ್ಳಲು ಮನಸ್ಸಿಲ್ಲದೆ ಹೇಳಿದ್ದು ಎಂಬ ಅನುಮಾನ ಬಂತು. ತಿಂಡಿಯನ್ನು ಬೆನ್ನ ಹಿಂದೆ ಹಿಡಿದ ಹುಡುಗನ ಬಾಯಲ್ಲಿ ಬರುವ 'ಏನಿಲ್ಲ' ಅದು. ಜೋರ್ಡಾನಿನ ಯೋಜನೆಯಲ್ಲಿ ಅವನಿಗೆ ಬಹಳ ಹಿಡಿಸಿದ ಸಂಗತಿಯೆಂದರೆ ಆ ದಾರಿಯಲ್ಲಿ ಚೀಲ ಕಾಯುವವರು ಬೇಕಿಲ್ಲದಿರುವುದು. ಅವರವರ ಚೀಲ ಅವರವರ ಬೆನ್ನಿಗೆ. ಅದನ್ನು ಓದಿದ ದಿನ ಅವನಿಗೆ ಎಷ್ಟೊಂದು ಹಗುರಾಗಿತ್ತು. ಚೀಲ ಕಾಯುವವರು ಬೇಡವಾದ ಮೇಲೆ ಅವಳು ಬೇಡವಾದಳೆಂದು ಅವನು ಲೆಕ್ಕ ಹಾಕಿರಲಿಲ್ಲ. ಲೆಕ್ಕ ತಾನೇ ಆಗಿಬಿಟ್ಟಿತ್ತು.

ಫೋನು ಬಡಿದುಕೊಂಡಿತು. ಡಿಪೋ ಮ್ಯಾನೇಜರರು.

"ಏನಪಾ ಕಲ್ಲೇಶ, ರಜಾ ಕೇಳೂದು ಈಗ ಕಂಬದ ಮ್ಯಾಲ ಬಂತೇನು?"

"ಸರ್, ಅದು ಗೆಳ್ಯಾರು..."

"ಮೂರು ವಾರಂತ ಬರದೈತಿ. ಅರ್ಜಿ ಎಲ್ಲೈತಿ?"

"ಕೊಡ್ತೀನ್ರಿ ಸರ್."

"ಇಪ್ಪತ್ತು ವರ್ಷದಾಗ ನೀ ಉದ್ದನ್ನ ರಜಾ ಕೇಳಿದಾಂವ ಅಲ್ಲ. ಕೊಡು, ಮಾಡೂಣು. ಆದ್ರ ಆ ಹಂಸಾ ಯಾಕ ಅದಾವಪಾ ಅಲ್ಲಿ?"

ಪಾಳಿ ಮುಗಿದಾಗ ಚಪ್ಪಲಿ ಹಾಕಿಕೊಳ್ಳಲು ಮರೆತು ಬೂಟಿನಲ್ಲೇ ಹೊರಬಿದ್ದ. ಗೊತ್ತಾದದ್ದು ಅರ್ಧ ದಾರಿಯಲ್ಲಿ, ರಸ್ತೆ ತನ್ನಿಂದ ಸ್ವಲ್ಪ ಕೆಳಗೆ ಹೋದಂತೆ ಅನಿಸಿದಾಗ. ಹೋಗಲಿ. ಮಾಜೀದನ ಹತ್ತಿರ ಹೋಗಿ ಫ್ಲೆಕ್ಸ್ ಬಿಚ್ಚಿಸಬೇಕು, ಇಲ್ಲವೇ ಹೆಂಡತಿಯ ಚಿತ್ರವಿರುವ ಅರ್ಧವನ್ನಾದರೂ... ಆ ಯೋಚನೆ ಎದ್ದ ಕೂಡಲೇ ನಾಚಿಕೆಯಾಗಿ ತಲೆ ಕೊಡವಿದ. ಅರ್ಧ ಕತ್ತರಿಸಿದ ಫ್ಲೆಕ್ಸಿನಲ್ಲಿ ತಾನೊಬ್ಬನೇ ಒಂದು ಹಂಸದ ಜೊತೆ ತೂಗಾಡುವುದು ಕಣ್ಣಿಗೆ ಕಟ್ಟಿತು. ತಪ್ಪೆಲ್ಲ ಮಾಜೀದನದು. ದೀಪಾವಳಿಗೆ ಮೊದಲು, ಬೆವರಿಗೂ ಮಳೆಗೂ ಹಾಳಾಗದಿರಲೆಂದು ದಾರಿಯ ನಕ್ಷೆಯನ್ನು ಫ್ಲೆಕ್ಸ್ ಬಟ್ಟೆಯ ಮೇಲೆ ಮುದ್ರಿಸಿಕೊಡೆಂದು ಕೇಳಿದ್ದೇ ಇವನು ಮಾಡಿದ ಒಂದು ಎಡವಟ್ಟು. ಈ ಊರಲ್ಲಿ ಬೋರ್‌ವೆಲ್ಲಿಗೆ ನೀರು ಬಿದ್ದರೂ ಫ್ಲೆಕ್ಸ್ ಏಳುತ್ತದೆ, ಗೆಳೆಯ ವಿದೇಶಕ್ಕೆ ಹೊರಟರೆ ಮಾಜೀದ ಸುಮ್ಮನಿರುತ್ತಾನೆಯೇ?

ಅಂಗಡಿಯಲ್ಲಿ ಯಂತ್ರ ಗುಂಯ್ ಎನ್ನುತ್ತ ಯಾರದೋ ಗೃಹಪ್ರವೇಶವನ್ನು ಹೊರಗೆ ಕಕ್ಕುತ್ತಿತ್ತು. ಮಾಜೀದ ಎದ್ದು ಬಂದು ಎರಡೂ ಕೈ ಹಿಡಿದುಕೊಂಡ.

"ಕಲ್ಲೇಶಣ್ಣಾ, ಹೆಂಗ ಬಂದೈತಿ? ಖರೇ ಹೇಳು. ಮಾರಿ ಮ್ಯಾಲ ಲೈಟ್ ಸ್ವಲ್ಪ ಜಾಸ್ತಿ ಆತೇನು?"

"ಮಾಜೀದ, ನಾ ನಿನಗ ನಕ್ಷಾ ಅಷ್ಟ ಮಾಡು ಅಂದಿದ್ದೆ."

"ನಕ್ಷಾನೂ ಮಾಡಿಲ್ಲೇನು?"

"ನಾ ಹೋಗೂದು ನಾ ಒಬ್ಬಾವ್ನೇ. ನಿನಗ ಹೇಳಿದ್ದೆ. ಆಕೀ ಫೋಟೋ ನೀ ಎಲ್ಲಿಂದ ಹುಡುಕಿ ಹಾಕಿದಿ?"

ಮಾಜೀದ ಕೈ ಬಿಟ್ಟ. ಅವನ ಮುಖದಲ್ಲಿ ತಪ್ಪಿನ ಗುರುತು ಇರಲಿಲ್ಲ, ಅರ್ಥವಾಗದ ಗುರುತಿತ್ತು. "ನಾ ಎಲ್ಲಿ ಹುಡುಕ್ಲಿ? ವೈನಿಯವರು ತಾವೇ ಬಂದು ಕೊಟ್ಟಾರ."

ಯಂತ್ರ ಗೃಹಪ್ರವೇಶದ ಕೊನೆಯ ಅಂಚು ಮುಗಿಸಿ ನಿಂತಿತು.

"ದೀಪಾವಳಿ ಆದ ಮ್ಯಾಲ ರೊಟ್ಟಿ ಕೊಡಾಕ ಬಂದಿದ್ರು. ನಿನ್ನ ನಕ್ಷಾ ಇಲ್ಲೇ ಒಣಗಾಕ ಹಾಕಿದ್ದೆ. ಇದು ಯಾರದು ಅಂದ್ರು. ಹೇಳ್ದೆ. ಮನ್ಯಾಗ ಗೊತ್ತಿರತೈತಿ ಅಂತ ನಾ ತಿಳದೀನಪಾ. ಯಾರ್ಯಾರು ಹೊಂಟಾರ ಅಂದ್ರು. ಕಲ್ಲೇಶಣ್ಣ ಒಬ್ಬಾಂವ ಅಂದೆ. ಹೌದಾ ಅಂದ್ರು. ಬೆರಳಿಟ್ಟು ದಾರಿ ಪೂರಾ ನೋಡಿದ್ರು, ಇಲ್ಲಿಂದ ಇಲ್ಲೀಮಟಾ. ಚಹಾ ಕುಡದು ಹೋದ್ರು. ಮುಂದ ಒಂದ್ ದಿನ ಫೋಟೋ ತಂದ್ರು. ಫ್ಲೆಕ್ಸ್ ಮಾಡೂದಿದ್ರ ಇದನ್ನೂ ಹಾಕು, ನನ್ನ ಮಾರಿ ಅವರಕಿಂತ ಸಣ್ಣದು ಆಗಬಾರ್ದು ಅಂದ್ರು. ನಾ ಹೇಳೂತನಾ ಕಟ್ಟಬ್ಯಾಡ ಅಂತನೂ ಅಂದ್ರು. ನಿನ್ನೆ ಫೋನ್ ಮಾಡಿ, ಇನ್ನ ಕಟ್ಟು ಅಂದ್ರು." ಮಾಜೀದ ಯಂತ್ರದ ಕಡೆ ತಿರುಗುತ್ತ, "ಹಂಸಾ ಅಷ್ಟ ನಂದು," ಎಂದ.

ಕಲ್ಲೇಶ ರಸ್ತೆಗೆ ಇಳಿದಾಗ ಕಿವಿಯೆಲ್ಲ ಬಿಸಿಯಾಗಿತ್ತು. ಮಂಚ ಎಷ್ಟು ದೊಡ್ಡದಿರತೈತಿ. ಮಂಚದಷ್ಟ ಇರತೈತಿ. ಅವಳು ಎಲ್ಲ ಗೊತ್ತಿದ್ದೂ ಕೇಳಿದ್ದಳು, ರೊಟ್ಟಿ ಬೆಂದಿದೆಯೇ ಎಂದು ಬೆರಳಿಂದ ಒತ್ತಿ ನೋಡುವ ಹಾಗೆ ಅವನನ್ನು ಒತ್ತಿ ನೋಡಿದ್ದಳು; ಅವನು ಹಸಿಯಾಗಿ ಬೆರಳಿಗಂಟಿಕೊಂಡಿದ್ದ. ಸಿಟ್ಟು ಬರಬೇಕಿತ್ತು, ಹುಡುಕಿದ, ಸಿಗಲಿಲ್ಲ. ಅದರ ಬದಲು ಬೇರೆಯೇ ಏನೋ ಎದ್ದು ಬರುತ್ತಿತ್ತು. ಅಂಚೆ ಕಚೇರಿಯ ತಿರುವಿನಲ್ಲಿ ಅದು ನಗುವೆಂದು ಗೊತ್ತಾಯಿತು. ಒಬ್ಬನೇ ನಗುತ್ತ ಹೋಗುವ ಕಂಟ್ರೋಲರನನ್ನು ನೋಡಿ ಎದುರಿಗೆ ಬಂದವನೊಬ್ಬ ಸೈಕಲ್ಲಿನಿಂದ ಇಳಿದು ನಮಸ್ಕಾರ ಮಾಡಿ, "ಜೋರ್ಡಾನಿಗೆ ಈಗ ಹೊಂಟ್ರೇನ್ರಿ?" ಎಂದ, ಬೂಟು ನೋಡಿ ಕೇಳಿದ್ದಿರಬೇಕು.

ಮನೆಗೆ ಬೀಗ. ಪಕ್ಕದ ಮನೆಯ ಜೈನಾಬೀ ಅಂಗಳದಲ್ಲಿ ಮೆಣಸಿನಕಾಯಿ ಹರಡುತ್ತಿದ್ದವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

"ಭಾಭಿ ಗುಡ್ಡಕ್ಕ ಹೋಗ್ಯಾರ್ರಿ. ಬೆನ್ನಿಗೆ ಅಮೃತಾನ ಸಾಲಿ ಚೀಲಾ, ಅದರಾಗ ಜ್ವಾಳದ ಹಿಟ್ಟು. ಹದಿನೈದು ದಿನಾ ಆತು, ಬೆಳಿಗ್ಗೆ ನೀವು ಡ್ಯೂಟಿಗೆ ಹೋದ ಮ್ಯಾಲ ಹೋಗ್ತಿದ್ರು, ಇವತ್ತ ಈಗ ಹೊಂಟ್ರು. ಹಿಟ್ಟು ಬೀಸಾಕ ಹೊಂಟೀರೇನು ಅಂದ್ರ, ಇಲ್ಲ, ಭಾರ ಹೊತ್ತು ನಡ್ಯಾಕ ಅಂತಾರ. ಹಾಂ, ಹೋದ ವಾರ ಪೊಲೀಸ್ರು ಬಂದಿದ್ರು."

"ಪೊಲೀಸ್ರು?"

"ಪಾಸ್‌ಪೋರ್ಟ್ ವಿಚಾರಣಿಗೆ. ಹೆಂಗಸು ಹೆಂಗದಾಳ ಅಂದ್ರು. ಭಾಳ ಛಲೋ, ಗಂಡನ್ನ ಬಿಟ್ಟು ಎಲ್ಲೂ ಹೋದಾಕಿ ಅಲ್ಲ ಅಂದೆ." ಜೈನಾಬೀ ನಕ್ಕಳು. "ಅದಕ್ಕ ಅವರು, ಮತ್ತ ಪಾಸ್‌ಪೋರ್ಟ್ ಯಾಕ ಅಂದ್ರು."

ಊರ ಹೊರಗಿನ ಗುಡ್ಡ ದೊಡ್ಡದಲ್ಲ. ಸುತ್ತ ಕಪ್ಪು ನೆಲ, ಮೊಣಕಾಲೆತ್ತರದ ಕಡಲೆ, ತೆನೆ ಕಟ್ಟುತ್ತಿರುವ ಜೋಳ; ನಡುವೆ ಒಮ್ಮೆಲೇ ಎದ್ದ ಬಂಡೆಗಳ ರಾಶಿ, ನೆತ್ತಿಯ ಮೇಲೆ ಅರ್ಧ ಕುಸಿದ ಒಂದು ಬುರುಜು. ಬಸ್ಸಿನ ದಾರಿಯಿಂದ ದಿನಾ ಕಾಣುವ ಆ ಬುರುಜು ಯಾರು ಕಟ್ಟಿಸಿದ್ದೆಂದು ಕಲ್ಲೇಶನಿಗೆ ಗೊತ್ತಿರಲಿಲ್ಲ. ಜೆರಾಶಿನ ಕಂಬಗಳನ್ನು ಯಾವ ದೊರೆಯ ಕಾಲದಲ್ಲಿ ನಿಲ್ಲಿಸಿದರೆಂದು ಕೇಳಿದರೆ ಹೇಳುತ್ತಿದ್ದ. ಮಲ್ಲೇಶ್ವರಿ ಗುಡ್ಡದ ಬುಡದಲ್ಲಿ ಒಂದು ಬಂಡೆಯ ಮೇಲೆ ಕೂತಿದ್ದಳು. ಮಗಳ ಚೂಡಿದಾರ ಅವಳಿಗೆ ಭುಜದಲ್ಲಿ ಬಿಗಿಯಾಗಿತ್ತು. ಪಕ್ಕದಲ್ಲಿ ನೀಲಿ ಚೀಲ, ಅದರ ಬಾಯಿಯ ಸುತ್ತ ಹಿಟ್ಟಿನ ಬಿಳಿ. ಅವನು ಬರುವುದನ್ನು ದೂರದಿಂದಲೇ ನೋಡಿರಬೇಕು, ಎದ್ದೇಳಲಿಲ್ಲ. ಅವನ ಕಾಲನ್ನೇ ನೋಡುತ್ತಿದ್ದಳು.

"ಅಂತೂ ಬೂಟು ಹೊರಗ ಬಂದ್ವು," ಎಂದಳು. "ಡಬ್ಬಿ ಅಟ್ಟದ ಮ್ಯಾಲ ಇಟ್ಟಿದ್ರಿ. ಬರೇ ಡಬ್ಬಿ."

ಅವನು ನಿಂತೇ ಇದ್ದ. ಮೈಕಿಲ್ಲದೆ ಮಾತಾಡುವುದು ಇಷ್ಟು ಕಷ್ಟವೆಂದು ತಿಳಿದಿರಲಿಲ್ಲ. "ಮಲ್ಲೇಶ್ವರಿ, ನಾ ಒಬ್ಬಾವ್ನೇ ಹೊಂಟಿದ್ದೆ. ಮೂರು ವಾರ ಮಾತಿಲ್ದ ನಡೀಬೇಕು ಅನಿಸಿತ್ತು, ಅಷ್ಟ."

"ಗೊತ್ತೈತಿ."

"ನಿನ್ನ ಕೇಳಬೇಕಿತ್ತು. ಕೇಳಬಾರ್ದು ಅಂತಲ್ಲ. ನೆನಪೇ ಆಗ್ಲಿಲ್ಲ."

"ಅದೂ ಗೊತ್ತೈತಿ. ನಾನೂ ಒಬ್ಬಾಕೀನೇ ಪಾಸ್‌ಪೋರ್ಟ್ ಮಾಡಿಸ್ಕೊಂಡೆ." ಅವಳು ಒಂದು ಹುಲ್ಲಿನ ಕಡ್ಡಿ ಕಿತ್ತು ಹಲ್ಲಿನಲ್ಲಿ ಕಚ್ಚಿದಳು. "ಆ ನಕ್ಷಾ ನೋಡಿದ ದಿನ ಸಿಟ್ಟು ಬಂದಿತ್ತು. ಅಂಗಡಿಗೆ ಹೋಗಿ ಯಾರನ್ನೋ ಬಡದಂಗ ಹಿಟ್ಟು ನಾದಿದೆ. ಆ ದಿನದ ರೊಟ್ಟಿ ಎಷ್ಟ ತೆಳ್ಳಗ ಬಂದಿದ್ವು ಅಂದ್ರ, ಗಂಗಾವತಿ ಖಾನಾವಳಿಯಾಂವ ಫೋನ್ ಮಾಡಿ ಕೇಳಿದ, ಯಾವ ಗಿರಣ್ಯಾಗ ಬೀಸಿಸೀರಿ ಅಂತ."

"ನಿನ್ನೆ ಸಂಜೀಕೇ ಬೈಬೇಕಿತ್ತು."

"ಬೈದಿದ್ರ ಹೌದು ಅಂತ ತಲಿ ಕೆಳಗ ಹಾಕಿ ಕುಂದರ್ತಿದ್ರಿ. ಬಾ ಅಂತ ಕರಕೊಂಡು ಹೋಗ್ತಿದ್ರಿ, ಮತ್ತ ಅಲ್ಲೀನೂ ಒಂದ್ ಕಡೆ ಕುಂದ್ರಸ್ತಿದ್ರಿ. ನಾಕ ಮಂದಿ ಮುಂದ ನನ್ನ ಮಾರೀನೂ ನಿಮ್ಮಷ್ಟ ದೊಡ್ಡದು ಆಗ್ಲಿ, ಆಮ್ಯಾಲ ಮಾತಾಡೂಣು ಅಂತ ಇದ್ದೆ." ಅವಳು ಎದ್ದು ಬೆನ್ನಿನ ಧೂಳು ಕೊಡವಿದಳು. "ನಿಮಗ ಮಾತಿಲ್ದ ನಡೀಬೇಕಂತ ಇದ್ರ ನಡೀರಿ. ನಾ ಏನು ಹಿಂದಿಂದ ಹಾಡ್ಕೋತ ಬರ್ತೀನಿ? ದಿನಾ ಒಲಿ ಮುಂದ ನಾನೂ ಎಷ್ಟೋ ಹೊತ್ತು ಮಾತಿಲ್ದ ಕುಂದರ್ತೀನಿ, ನೀವು ಕಂಡಿಲ್ಲ ಅಷ್ಟ," ಎನ್ನುತ್ತ ಚೀಲವನ್ನು ಎತ್ತಿ ಅವನ ಕಾಲ ಬಳಿ ಇಟ್ಟಳು. "ಇಲ್ಲಿ ಕುಂದರ್ರಿ. ನಾ ಮ್ಯಾಲ ಹೋಗಿ ಬರ್ತೀನಿ. ಚೀಲಾ ಕಾಯ್ರಿ."

ಅವಳು ಹತ್ತತೊಡಗಿದಳು. ಹದಿನೈದು ದಿನದ ರೂಢಿ ಅವಳ ಕಾಲಿನಲ್ಲಿತ್ತು. ಯಾವ ಕಲ್ಲು ಅಲುಗುತ್ತದೆಂದು ಗೊತ್ತಿದ್ದವಳಂತೆ ಕೈ ಊರದೆ ಏರುತ್ತಿದ್ದಳು. ಕಲ್ಲೇಶ ಅವಳು ಕೂತಿದ್ದ ಬಂಡೆಯ ಮೇಲೆ ಕೂತ. ಕಲ್ಲಿನ್ನೂ ಬೆಚ್ಚಗಿತ್ತು. ಕೆಳಗೆ ಕೂತವನಿಗೆ ಏನು ಕಾಣುತ್ತದೆಂದು ಇದೇ ಮೊದಲು ಅವನು ನೋಡುತ್ತಿದ್ದದ್ದು: ಹೋಗುವವರ ಹಿಮ್ಮಡಿ, ಆಮೇಲೆ ಬೆನ್ನು, ಆಮೇಲೆ ಬಂಡೆ, ಒಂದು ಇರುವೆಯ ಸಾಲು, ತನ್ನದೇ ಮೊಣಕಾಲು, ದೂರದ ರಸ್ತೆಯಲ್ಲಿ ತಾನು ಹೆಸರು ಕೂಗದೆಯೂ ಹೋಗುತ್ತಿರುವ ಬಸ್ಸು. ಕಾಯುವವನ ಹೊತ್ತು ಬೇರೆ ಥರ ಸಾಗುತ್ತದೆ, ಸಾಗುವುದೇ ಇಲ್ಲ. ಮೊಬೈಲು ತೆಗೆದ. ದಾನಾದ ಕೋಣೆಯ ಪುಟ ಬಿಚ್ಚಿದ. ಎಷ್ಟು ಜನ? ಸಣ್ಣ ಗುರುತಿನ ಮೇಲೆ ಹೆಬ್ಬೆರಳಿಟ್ಟ. ಒಂದು ಎರಡಾಯಿತು, ಅಷ್ಟು ಹಗುರಾಗಿ ಆಯಿತೆಂದರೆ, ಎರಡು ವರ್ಷ ಆ ಗುರುತಿನ ಪಕ್ಕದಲ್ಲೇ ಹಾದುಹೋದ ಬೆರಳು ಇದೇನಾ ಎಂದು ತಿರುಗಿಸಿ ನೋಡಿಕೊಂಡ. ಅಮ್ಮಾನಿನ ಪುಟ ಬಿಚ್ಚಿದ. ಎರಡು. ಮರಳಿನ ಡೇರೆ. ಎರಡು.

"ಯಾಕ್ರಿ ಸಾಹೇಬ್ರ, ಇಲ್ಲೇ ಕುಂತೀರಿ?" ಆಡು ಹೊಡೆದುಕೊಂಡು ಬರುತ್ತಿದ್ದ ಒಬ್ಬ ನಿಂತು ಕೇಳಿದ.

"ಚೀಲಾ ಕಾಯಾಕತ್ತೀನಿ."

"ಕಾಯೂದಂದ್ರ ಹಿಂಗಲ್ರಿ," ಎಂದು ಅವನು ಕೋಲು ಚಾಚಿದ. ಅವನ ಆಡುಗಳಲ್ಲಿ ಒಂದು ಚೀಲದ ಪಟ್ಟಿಯನ್ನು ಅರ್ಧ ಬಾಯೊಳಗೆ ಎಳೆದುಕೊಂಡು, ಮೂಗಿನ ಮೇಲೆಲ್ಲ ಹಿಟ್ಟು ಮೆತ್ತಿಕೊಂಡು, ಕಲ್ಲೇಶನನ್ನೇ ನೋಡುತ್ತ ಅಗಿಯುತ್ತಿತ್ತು.

ಮಲ್ಲೇಶ್ವರಿ ಇಳಿದು ಬಂದಾಗ ಬಿಸಿಲು ಹಳದಿಗೆ ತಿರುಗಿತ್ತು. ಹಣೆಯ ಬೆವರಿಗೆ ಒಂದು ಒಣ ಹುಲ್ಲೆಸಳು ಅಂಟಿತ್ತು. ಕಣ್ಣು ಇನ್ನೂ ಮೇಲೆಯೇ ಇದ್ದಂತೆ, ಎದುರಿಗಿದ್ದ ಅವನನ್ನು ನೋಡಲು ಅವಕ್ಕೆ ಒಂದು ಗಳಿಗೆ ಹಿಡಿಯಿತು. ಅವನು ಕಿಸೆಯಿಂದ ಶೇಂಗಾದ ಪೊಟ್ಟಣ ತೆಗೆದು ಕೊಟ್ಟ. ಅವಳು ಅದರ ತೂಕ ಅಂಗೈಯಲ್ಲಿ ನೋಡಿ ಹುಬ್ಬೇರಿಸಿದಳು.

"ಎರಡ ಕಾಳು ತಿಂದೀನಿ," ಎಂದ. ಆಮೇಲೆ, ಕತ್ತೆತ್ತಿ, ತಾನು ಎಂದೂ ಕೇಳದ ಮಾತನ್ನು ಕೇಳಿದ. "ಮ್ಯಾಲ ಏನೈತಿ?"

ಮಲ್ಲೇಶ್ವರಿ ಒಂದು ಕಾಳು ಬಾಯಿಗೆ ಹಾಕಿಕೊಂಡು ನಿಧಾನ ಅಗಿದಳು.

"ಏನಿಲ್ರಿ," ಎಂದಳು. "ಬರೇ ಕಲ್ಲು."

ಅವನು ಅವಳ ಮುಖವನ್ನೇ ನೋಡಿದ. ಅಲ್ಲಿ ಏನೋ ಅಡಗಿಕೊಂಡು ಕುಣಿಯುತ್ತಿತ್ತು. ಅವನು ಬಗ್ಗಿ, ಆಡು ಕಚ್ಚಿದ ಪಟ್ಟಿಯನ್ನು ಕೊಡವಿ, ಚೀಲವನ್ನು ಬೆನ್ನಿಗೇರಿಸಿದ. ಹಿಟ್ಟು ಅವನೆಣಿಸಿದ್ದಕ್ಕಿಂತ ಭಾರವಿತ್ತು, ಒಂದು ಹೆಜ್ಜೆ ಹಿಂದಕ್ಕೆ ಎಳೆಯಿತು. ಸಂಭಾಳಿಸಿಕೊಂಡು ಗುಡ್ಡಕ್ಕೆ ಮುಖ ಮಾಡಿದ.

"ಎಲ್ಲಿಗ್ರಿ?"

"ಕಲ್ಲು ನೋಡಾಕ."

ಹೊಸ ಬೂಟು ಮೊದಲ ಬಂಡೆಯ ಮೇಲೆ ಕಿರ್ ಎಂದಿತು. ಹಿಂದಿನಿಂದ, ಮಾತಿಲ್ಲದೆ, ಶೇಂಗಾ ಅಗಿಯುವ ಸದ್ದು ಬರುತ್ತಿತ್ತು. ಎರಡನೆಯ ತಿರುವಿನಲ್ಲಿ ಅದು ಅವನನ್ನು ದಾಟಿ ಮುಂದೆ ಹೋಯಿತು.